ಹನ್ನೆರಡು ವೋಲ್ಟಿನ ಸಲಿಗೆ

ಜುಲೈ ತಿಂಗಳಲ್ಲಿ ಸಹ್ಯಾದ್ರಿಯ ಆ ಬದಿ ಮಳೆ ಜಡಿ ಹಿಡಿಯಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆ ದಂಡೆಯ ರೈತನಿಗೆ ಒಂದೇ ಚಿಂತೆ: ಮೋಟಾರು ಎತ್ತಬೇಕು. ಮಹಾರಾಷ್ಟ್ರದ ಕೋಯ್ನಾ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಬರುವ ಹೊತ್ತಿಗೆ ಕಲ್ಲೋಳ–ಯಡೂರ ಬಾಂದಾರದ ಮೇಲೆ ಕೃಷ್ಣೆ ಹರಿಯಲು ಸುರುವಾಗಿರುತ್ತಾಳೆ. ಮಲಿಕವಾಡ–ದತ್ತವಾಡದ ಹತ್ತಿರ ದೂಧಗಂಗೆ, ಜತ್ರಾಟ–ಭೀವಶಿ ಕಡೆ ವೇದಗಂಗೆ ರಸ್ತೆ ಮುಳುಗಿಸಿರುತ್ತವೆ. ಕಬ್ಬಿಗೆ ನೀರೆತ್ತುವ ಪಂಪ್‌ಸೆಟ್ಟು, ಸ್ಟಾರ್ಟರ್ ಪೆಟ್ಟಿಗೆ, ಕೇಬಲ್ಲು ಎಲ್ಲವನ್ನೂ ಬಿಚ್ಚಿ ಎತ್ತರಕ್ಕೆ ಸಾಗಿಸಬೇಕು. ಆ ಗಡಿಬಿಡಿಯಲ್ಲೂ ಒಬ್ಬ ಓಡಿ ಹೋಗಿ ಟ್ರಾನ್ಸ್‌ಫಾರ್ಮರಿನ ಫ್ಯೂಸು ತೆಗೆಯುತ್ತಾನೆ. ತೆಗೆದ ಫ್ಯೂಸನ್ನು ಅಲ್ಲಿಯೇ ಬಿಡದೆ ಕಿಸೆಯಲ್ಲಿ ಹಾಕಿಕೊಂಡು ಬರುತ್ತಾನೆ. ತ್ರೀಫೇಸ್ ಕರೆಂಟು 415 ವೋಲ್ಟು. ಅದು ಕೊಂದವರ ಹೆಸರು ಪ್ರತಿ ಊರಿಗೂ ಗೊತ್ತು.

ಅದೇ ಮನುಷ್ಯ ರಾತ್ರಿ ದೋಣಿಗೆ ಲೈಟು ಹಚ್ಚುವಾಗ ನೋಡಿ. ಟ್ರ್ಯಾಕ್ಟರಿನಿಂದ ಬ್ಯಾಟರಿ ಬಿಚ್ಚಿ ತರುತ್ತಾನೆ. ಮನೆಯಲ್ಲಿ ಉಳಿದಿದ್ದ ತೆಳ್ಳನೆಯ ವಾಯರಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಸುಲಿಯುತ್ತಾನೆ. ತಾಮ್ರದ ಎಳೆಗಳನ್ನು ಹೊಸೆದು ಟರ್ಮಿನಲ್ಲಿನ ಸುತ್ತ ಸುತ್ತಿ, ಮೇಲೊಂದು ಕಪ್ಪು ಟೇಪು. ಕೇಳಿದರೆ, “ಹನ್ನೆರಡ ವೋಲ್ಟ್ ಐತ್ರಿ ಅಣ್ಣಾ, ಏನೂ ಮಾಡೂದಿಲ್ಲ ಅದು” ಅನ್ನುತ್ತಾನೆ.

ಮಾತು ಅರ್ಧ ನಿಜ. ಒಣಗಿದ ಅಂಗೈಗಳ ನಡುವೆ ನಮ್ಮ ದೇಹದ ರೋಧ ಹತ್ತಾರು ಸಾವಿರ ಓಮ್ ಇರುತ್ತದೆ. ಐವತ್ತು ಸಾವಿರ ಎಂದಿಟ್ಟುಕೊಂಡರೆ ಹನ್ನೆರಡು ವೋಲ್ಟಿಗೆ ಮೈಯಲ್ಲಿ ಹರಿಯುವುದು ಒಂದು ಮಿಲಿಆಂಪಿಯರಿನ ಕಾಲು ಭಾಗ. ಚರ್ಮಕ್ಕೆ ಅದರ ಸುಳಿವೂ ಸಿಗುವುದಿಲ್ಲ. ಕೈ ತೊಯ್ದು ತೊಪ್ಪೆಯಾಗಿದ್ದರೆ ತುಸು ಜುಮುಗುಟ್ಟಬಹುದು. ಹಾಗಾಗಿ ಬ್ಯಾಟರಿಗೆ ಯಾರೂ ಹೆದರುವುದಿಲ್ಲ, ಶಾಕ್ ಹೊಡೆಯದ ವಸ್ತುವಿನ ಜತೆ ಸಲಿಗೆ ಬೆಳೆದುಬಿಡುತ್ತದೆ. ಆದರೆ ಬ್ಯಾಟರಿ ಕೊಲ್ಲುವುದಾದರೆ ಶಾಕಿನಿಂದ ಕೊಲ್ಲುವುದಿಲ್ಲ, ಸುಟ್ಟು ಕೊಲ್ಲುತ್ತದೆ. ಸುಡುವ ಕೆಲಸ ನಡೆಯುವುದು ಬ್ಯಾಟರಿಯಲ್ಲೂ ಅಲ್ಲ, ನಾವೇ ಹಲ್ಲಿನಿಂದ ಸುಲಿದು ಹಚ್ಚಿದ ಆ ವಾಯರಿನಲ್ಲಿ.

ಟ್ರ್ಯಾಕ್ಟರ್ ಬ್ಯಾಟರಿಯ ಹೊಟ್ಟೆಯೊಳಗೆ ಆರು ಮನೆಗಳಿವೆ. ಪ್ರತಿ ಮನೆಯಲ್ಲೂ ಸೀಸದ ಫಲಕಗಳು, ನೀರು ಬೆರೆಸಿದ ಗಂಧಕಾಮ್ಲ. ಒಂದೊಂದು ಮನೆ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ಆರೂ ಕೂಡಿ, ಪೂರ್ತಿ ಚಾರ್ಜಾದಾಗ, ಸುಮಾರು 12.6. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ಮಾಡಿದ ಸೀಸ–ಆಮ್ಲದ ಬ್ಯಾಟರಿಯ ತತ್ವವೇ ಇವತ್ತಿಗೂ ನಡೆಯುತ್ತಿದೆ. ಇಷ್ಟು ವರ್ಷ ಅದನ್ನು ಯಾರೂ ಮೂಲೆಗೆ ಸರಿಸಲಾಗದಿರುವುದಕ್ಕೆ ಒಂದು ಮುಖ್ಯ ಕಾರಣವಿದೆ. ಅದರ ಒಳರೋಧ ಅತಿ ಕಡಿಮೆ, ಒಂದು ಓಮಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಚಳಿಗಾಲದ ಬೆಳಗ್ಗೆ ತಣ್ಣಗಾದ ಡೀಸೆಲ್ ಎಂಜಿನ್ನನ್ನು ಸೆಲ್ಫ್ ಹೊಡೆದು ತಿರುಗಿಸಲು ಕೆಲವು ಕ್ಷಣ ನೂರಾರು ಆಂಪಿಯರ್ ಬೇಕು. ಬ್ಯಾಟರಿ ಗೊಣಗದೆ ಕೊಡುತ್ತದೆ. ಆ ಉದಾರತೆ ಸ್ಟಾರ್ಟರಿಗೆ ಮಾತ್ರ ಮೀಸಲಲ್ಲ. ಬಿಗಿ ಮಾಡುವಾಗ ಪಾನಾ ಜಾರಿ ಪ್ಲಸ್–ಮೈನಸ್ ಎರಡರ ಮೇಲೂ ಅಡ್ಡ ಬಿದ್ದರೆ ಅದಕ್ಕೂ ಸಿಗುತ್ತದೆ: 12.6 ವೋಲ್ಟನ್ನು ಒಂದು ಶತಾಂಶ ಓಮಿನಿಂದ ಭಾಗಿಸಿದರೆ ಸಾವಿರದ ಇನ್ನೂರು ಆಂಪಿಯರ್ ಮೀರುತ್ತದೆ. ಪಾನಾ ಅಲ್ಲಿಯೇ ಬೆಸೆದುಕೊಂಡು ಕೆಂಪಾಗುತ್ತದೆ. ಬೆರಳಲ್ಲಿ ಉಂಗುರವಿದ್ದು, ಉಂಗುರವೇ ಪಾನಾ ಮತ್ತು ಇನ್ನೊಂದು ಟರ್ಮಿನಲ್ಲಿನ ನಡುವೆ ಸಿಕ್ಕಿಬಿದ್ದರೆ ಬೆರಳಿನ ಕತೆ ಮುಗಿಯಿತು. ಅನುಭವಸ್ಥ ಮಿಸ್ತ್ರಿಗಳು ಕೆಲಸಕ್ಕೆ ಮುಂಚೆ ಉಂಗುರ, ಗಡಿಯಾರ ಕಳಚಿಡುವುದು ಶಾಸ್ತ್ರಕ್ಕಲ್ಲ.

ಪ್ಲಸ್ ಮೊದಲು ಕಟ್ಟು, ಮೈನಸ್ ಕೊನೆಗೆ ಕಟ್ಟು. ಬಿಚ್ಚುವಾಗ ಮೈನಸ್ ಮೊದಲು ಎಂಬ ರೂಢಿಗೂ ಇದೇ ಬುನಾದಿ. ಟ್ರ್ಯಾಕ್ಟರಿನ ಇಡೀ ಮೈ ಮೈನಸ್ಸಿಗೆ ಜೋಡಿಸಿರುತ್ತದೆ. ಮೈನಸ್ ಕಟ್ಟಿದ್ದಾಗ ಪ್ಲಸ್ಸಿನ ನಟ್ಟು ತಿರುಗಿಸುತ್ತಿರುವ ಪಾನಾ ಬಾನೆಟ್ಟಿಗೆ ತಾಗಿದರೆ ಸಾಕು, ಶಾರ್ಟ್. ಮೈನಸ್ ಬಿಚ್ಚಿಟ್ಟಿದ್ದರೆ ತಾಗಿದರೂ ಸುತ್ತು ಪೂರ್ತಿಯಾಗುವುದಿಲ್ಲ.

ಈಗ ದೋಣಿಗೆ ಬರೋಣ. ಕೃಷ್ಣೆಯ ಬಲೆಗಾರನಿಗೆ ಬ್ಯಾಟರಿಯಿಂದ ಬೇಕಾಗುವುದು ಬೆಳಕು, ಬಹಳವಾದರೆ ಮೊಬೈಲ್ ಚಾರ್ಜು. ಎಲ್‌ಇಡಿ ದೀಪ ಒಂದೆರಡು ಆಂಪಿಯರ್ ಎಳೆಯುತ್ತದೆ. ತೆಳ್ಳನೆಯ ವಾಯರೂ ನಡೆಯುತ್ತದೆ, ಕಚ್ಚಿ ಸುಲಿದ ಜೋಡಣೆಯೂ ಹೇಗೋ ನಡೆಯುತ್ತದೆ. ಸಲಿಗೆಯ ಬೆಲೆ ತೆರಬೇಕಾಗಿ ಬರುವುದು ಬ್ಯಾಟರಿಗೆ ಭಾರ ಎತ್ತುವ ಮೋಟಾರು ಜೋಡಿಸಿದ ದಿನ. ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಹೊಳೆಯಲ್ಲಿಲ್ಲ, ಅಮೆರಿಕದ ಮಿಶಿಗನ್ ಸರೋವರದಲ್ಲಿದೆ. ಅಲ್ಲಿಯ ಮೀನು ಬೇಟೆಯ ದೋಣಿಗಳಲ್ಲಿ ಡೌನ್‌ರಿಗ್ಗರ್ ಎಂಬ ಸಲಕರಣೆ ಇರುತ್ತದೆ. ದೋಣಿಯ ಅಂಚಿಗೆ ಬಿಗಿದ ಒಂದು ರಾಟೆ, ಅದರಿಂದ ನೀರಿಗಿಳಿಯುವ ಗಟ್ಟಿ ತಂತಿ, ತಂತಿಯ ತುದಿಗೆ ನಾಲ್ಕೈದು ಕಿಲೋ ತೂಗುವ ಸೀಸದ ಗುಂಡು. ಗಾಳದ ದಾರವನ್ನು ಈ ತಂತಿಗೆ ಒಂದು ಚಿಮಟದಿಂದ ಸಿಕ್ಕಿಸಿ ಗುಂಡನ್ನು ಇಳಿಬಿಟ್ಟರೆ ಗಾಳ ಬೇಕಾದ ಆಳಕ್ಕೆ ಹೋಗಿ ನಿಲ್ಲುತ್ತದೆ. ಮೀನು ಕಚ್ಚಿದಾಗ ದಾರ ಚಿಮಟದಿಂದ ಬಿಡಿಸಿಕೊಳ್ಳುತ್ತದೆ. ಗುಂಡನ್ನು ಮೋಟಾರು ಮೇಲೆಳೆಯುತ್ತದೆ.

ಇಷ್ಟೆಲ್ಲ ಏಕೆ ಬೇಕು? ಬೇಸಿಗೆಯಲ್ಲಿ ಆಳದ ಸರೋವರದ ನೀರು ಪದರ ಪದರವಾಗುತ್ತದೆ. ನೀರು ಅತಿ ಹೆಚ್ಚು ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಆ ತಣ್ಣೀರು ತಳ ಹಿಡಿದು ಕೂರುತ್ತದೆ, ಬಿಸಿಲಿಗೆ ಕಾದ ನೀರು ಮೇಲೆ ತೇಲುತ್ತದೆ, ನಡುವೆ ಕೆಲವೇ ಮೀಟರುಗಳಲ್ಲಿ ಉಷ್ಣತೆ ಸರ್ರನೆ ಇಳಿಯುವ ಒಂದು ಪದರ ಉಂಟಾಗುತ್ತದೆ. ತಣ್ಣೀರು ಬಯಸುವ ಸಾಲ್ಮನ್ ಮೀನು ಈ ಪದರದ ಆಸುಪಾಸಿನಲ್ಲೇ ಸುಳಿದಾಡುತ್ತದೆ. ಹೊವರ್ಡ್ ಟ್ಯಾನರ್ ಎಂಬ ಮೀನುಗಾರಿಕೆ ಅಧಿಕಾರಿ 1966ರಲ್ಲಿ ಪೆಸಿಫಿಕ್ ಕರಾವಳಿಯ ಕೋಹೊ ಸಾಲ್ಮನ್ ಮರಿಗಳನ್ನು ಮಿಶಿಗನ್ನಿನ ಹೊಳೆಗಳಿಗೆ ಬಿಡಿಸಿದ. ಅಟ್ಲಾಂಟಿಕ್ಕಿನಿಂದ ನುಸುಳಿ ಬಂದು ಸರೋವರ ತುಂಬಿ, ಸತ್ತು ದಂಡೆಗೆ ರಾಶಿ ಬೀಳುತ್ತಿದ್ದ ಏಲ್‌ವೈಫ್ ಎಂಬ ಸಣ್ಣ ಮೀನನ್ನು ಇವು ತಿನ್ನಲಿ ಎಂಬುದು ಎಣಿಕೆ. ಎಣಿಕೆ ಫಲಿಸಿತು. ಸಾಲ್ಮನ್ ಹಿಡಿಯಲು ಜನ ಮುಗಿಬಿದ್ದರು, ಆಳಕ್ಕೆ ಗಾಳ ಇಳಿಸುವ ಸಾಧನಕ್ಕೆ ಬೇಡಿಕೆ ಬಂತು. ಕೃಷ್ಣೆಗೆ ಇದರ ಹಂಗಿಲ್ಲ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನಲ್ಲೂ ನೀರಿನ ಆಳ ಮೀಟರುಗಳ ಲೆಕ್ಕದ್ದು, ರೋಹು–ಕಟ್ಲಾಗಳಿಗೆ ನಮ್ಮ ಬಲೆ ಸಾಕು.

ಸಲಕರಣೆ ಪರದೇಶದ್ದಾದರೂ ಅದರ ವಿದ್ಯುತ್ತಿನ ಪ್ರಶ್ನೆ ಪೂರ್ತಿ ನಮ್ಮದೇ. ಜೀಪಿನ ಮುಂದೆ ಕಟ್ಟುವ ವಿಂಚ್, ದೋಣಿಯ ತಳದ ನೀರು ಹೊರಹಾಕುವ ಪಂಪು, ಕಬ್ಬು ಹೇರಿದ ಟ್ರ್ಯಾಕ್ಟರಿನ ಡಬ್ಬಾ ಸೌಂಡ್ ಸಿಸ್ಟಮ್ಮು – ಎಲ್ಲಕ್ಕೂ ಹನ್ನೆರಡು ವೋಲ್ಟಿನಲ್ಲಿ ಹತ್ತಾರು ಆಂಪಿಯರ್ ಬೇಕು. ಉಗಾರ, ಹಾಲಸಿದ್ಧನಾಥ, ದೂಧಗಂಗಾ–ಕೃಷ್ಣಾ ಸಕ್ಕರೆ ಕಾರ್ಖಾನೆಗಳಿಗೆ ಸಾಲುಗಟ್ಟಿ ಹೋಗುವ ಡಬಲ್ ಟ್ರೇಲರುಗಳಿಗೆ ಬಣ್ಣದ ಲೈಟು, ಆಂಪ್ಲಿಫೈಯರು ಕೂರಿಸಿಕೊಡುವ ಮಿಸ್ತ್ರಿಗಳು ಈ ತಾಲೂಕುಗಳ ಪ್ರತಿ ಪೇಟೆಯಲ್ಲಿದ್ದಾರೆ. ನಾಳೆ ದೋಣಿಗೆ ಮೋಟಾರು ಕೂರಿಸಬೇಕೆಂದರೆ ನಾವು ಹೋಗುವುದು ಅವರ ಹತ್ತಿರವೇ. ಕೈಚಳಕದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ರಸ್ತೆಯ ವಿದ್ಯೆಯನ್ನು ನೀರಿಗೆ ಒಯ್ಯುವಾಗ ಕೆಲವು ಲೆಕ್ಕ ಬದಲಾಗುತ್ತವೆ.

ಮೊದಲನೆಯದು ಮೋಟಾರಿನ ಸ್ವಭಾವ. ಭಾರ ಎಳೆಯುತ್ತ ತಿರುಗುತ್ತಿರುವ ಡಿಸಿ ಮೋಟಾರು ತಾನೇ ಒಂದು ಡೈನಮೋ ಕೂಡ. ಕಾಂತದ ನಡುವೆ ಸುರುಳಿ ತಿರುಗುವಾಗ ಬ್ಯಾಟರಿಗೆ ಎದುರಾಗಿ ಒಂದು ವೋಲ್ಟೇಜು ಹುಟ್ಟುತ್ತದೆ. ಅದೇ ಕರೆಂಟಿಗೆ ಕಡಿವಾಣ. ಸುರುಳಿಯ ರೋಧ 0.2 ಓಮ್ ಎಂದಿಟ್ಟುಕೊಳ್ಳಿ. ಮೋಟಾರು ಓಡುತ್ತ ಎಂಟು ವೋಲ್ಟಿನ ಎದುರು ಒತ್ತಡ ಹುಟ್ಟಿಸುತ್ತಿದ್ದರೆ ಉಳಿದ ನಾಲ್ಕು ವೋಲ್ಟು ಸುರುಳಿಯಲ್ಲಿ 20 ಆಂಪಿಯರ್ ಹರಿಸುತ್ತದೆ. ಈಗ ಗುಂಡು ತಳದ ಬಂಡೆಗೋ ಮುಳುಗಿದ ಮರಕ್ಕೋ ಸಿಕ್ಕಿಕೊಂಡಿತು, ಮೋಟಾರು ನಿಂತಿತು. ತಿರುಗದ ಮೋಟಾರಿಗೆ ಎದುರು ಒತ್ತಡವಿಲ್ಲ. ಹನ್ನೆರಡು ವೋಲ್ಟೂ ಆ 0.2 ಓಮಿನ ಮೇಲೆ ಬೀಳುತ್ತದೆ: 60 ಆಂಪಿಯರ್. ಕೆಲಸ ಸೊನ್ನೆ, ಕರೆಂಟು ಮೂರು ಪಟ್ಟು. ಶಾಖ ಕರೆಂಟಿನ ವರ್ಗದಂತೆ ಏರುತ್ತದೆ ಎಂದು ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದ ಆರಂಭದಲ್ಲೇ ತೋರಿಸಿದ್ದ. ಮೂರು ಪಟ್ಟು ಕರೆಂಟಿಗೆ ಒಂಬತ್ತು ಪಟ್ಟು ಶಾಖ. ಬಟನ್ ಒತ್ತಿ ಹಿಡಿದವನು “ಯಾಕ ಬರವಲ್ದು?” ಎನ್ನುತ್ತ ಇನ್ನಷ್ಟು ಗಟ್ಟಿ ಒತ್ತುತ್ತಾನೆ.

ಎರಡನೆಯದು ವಾಯರಿನ ದಪ್ಪ. ಅಂಗಡಿಯಲ್ಲಿ ನಾವು ‘ಒಂದು ಸ್ಕ್ವೇರ್’, ‘ಎರಡೂವರೆ’, ‘ಆರು’ ಎಂದು ಕೇಳುತ್ತೇವಲ್ಲ, ಅದು ತಾಮ್ರದ ಅಡ್ಡಕೊಯ್ತದ ಚದರ ಮಿಲಿಮೀಟರು. ಒಂದು ಸ್ಕ್ವೇರ್ ತಾಮ್ರದ ತಂತಿಗೆ ಮೀಟರಿಗೆ 0.017 ಓಮ್ ರೋಧ. ಕೇಳಲು ಏನೂ ಅಲ್ಲ. ಬ್ಯಾಟರಿ ದೋಣಿಯ ಹಿಂಭಾಗದಲ್ಲಿ, ಮೋಟಾರು ಐದು ಮೀಟರು ಮುಂದೆ ಇದೆಯೆನ್ನಿ. ಕರೆಂಟು ಹೋಗಬೇಕು, ತಿರುಗಿ ಬರಬೇಕು; ಹತ್ತು ಮೀಟರು, 0.17 ಓಮ್. ಇಪ್ಪತ್ತು ಆಂಪಿಯರ್ ಹರಿದರೆ ವಾಯರೇ ಮೂರೂವರೆ ವೋಲ್ಟು ತಿಂದುಹಾಕುತ್ತದೆ. ಮೋಟಾರಿಗೆ ಉಳಿಯುವುದು ಎಂಟೂವರೆ. ಅದು ಮೈಗಳ್ಳನಂತೆ ನಿಧಾನ ತಿರುಗುತ್ತದೆ, ಗಾಳಿಯಾಡದೆ ಕಾಯುತ್ತದೆ. ವಾಯರಿನಲ್ಲೇ ಸುಮಾರು 70 ವ್ಯಾಟ್ ಶಾಖವಾಗಿ ಪೋಲು. ಮನೆಯ 230 ವೋಲ್ಟಿನಲ್ಲಿ ಮೂರೂವರೆ ವೋಲ್ಟು ಹೋದರೆ ಲೆಕ್ಕಕ್ಕಿಲ್ಲ. ಹನ್ನೆರಡರಲ್ಲಿ ಹೋದರೆ ಕಾಲು ಭಾಗಕ್ಕಿಂತ ಹೆಚ್ಚು ಹೋದಂತೆ. ಕಡಿಮೆ ವೋಲ್ಟೇಜಿಗೆ ತೆಳು ವಾಯರು ಸಾಕು ಎಂಬ ನಂಬಿಕೆ ಇಲ್ಲಿ ಮಗುಚಿ ಬೀಳುತ್ತದೆ. ಅದೇ ಕೆಲಸಕ್ಕೆ ಹನ್ನೆರಡು ವೋಲ್ಟಿನಲ್ಲಿ 230ರಲ್ಲಿ ಬೇಕಾಗುವುದಕ್ಕಿಂತ ಹತ್ತೊಂಬತ್ತು ಪಟ್ಟು ಕರೆಂಟು ಬೇಕು.

ಎರಡೂವರೆ ಸ್ಕ್ವೇರ್ ಹಾಕಿದರೆ ನಷ್ಟ 1.4 ವೋಲ್ಟು, ಆರು ಹಾಕಿದರೆ 0.6ರ ಆಸುಪಾಸು. ದೋಣಿಗಳ ವಾಯರಿಂಗಿಗೆ ನಿಯಮ ಬರೆಯುವ ಅಮೆರಿಕದ ಎಬಿವೈಸಿ ಸಂಸ್ಥೆ ದಿಕ್ಕುದೀಪದಂಥ ಪ್ರಾಣಕ್ಕೆ ಸಂಬಂಧಿಸಿದವುಗಳಿಗೆ ನೂರಕ್ಕೆ ಮೂರು, ಉಳಿದವುಗಳಿಗೆ ನೂರಕ್ಕೆ ಹತ್ತರವರೆಗೆ ನಷ್ಟ ಒಪ್ಪುತ್ತದೆ. ಹನ್ನೆರಡರಲ್ಲಿ ನೂರಕ್ಕೆ ಹತ್ತೆಂದರೆ 1.2 ವೋಲ್ಟು. ನಮ್ಮ ಮೋಟಾರಿಗೆ ನಾಲ್ಕು ಸ್ಕ್ವೇರ್ ಅಳತೆಯೊಳಗೆ ಬರುತ್ತದೆ, ಆರು ನಿಶ್ಚಿಂತೆ. ನನ್ನನ್ನು ಕೇಳಿದರೆ ಆರೇ ಹಾಕಿಸಿ. ಇಲ್ಲಿ ಉಳಿಸುವ ನಾಲ್ಕು ನೂರು ರೂಪಾಯಿ ಯಾವ ಉಳಿತಾಯವೂ ಅಲ್ಲ.

ಟ್ರ್ಯಾಕ್ಟರಿನಲ್ಲಿ ತಿರುಗಿ ಬರುವ ದಾರಿಗೆ ಪ್ರತ್ಯೇಕ ವಾಯರು ಎಳೆಯುವುದು ಕಡಿಮೆ. ಕಬ್ಬಿಣದ ಮೈಯೇ ಆ ಕೆಲಸ ಮಾಡುತ್ತದೆ. ಹಿಂದಿನ ಟ್ರೇಲರಿನ ಕೆಂಪು ದೀಪ ಮಿಣುಕು ಮಿಣುಕಾಗಿ ಉರಿಯುವುದನ್ನು ಕಬ್ಬಿನ ಸೀಸನ್ನಿನಲ್ಲಿ ಯಾರು ನೋಡಿಲ್ಲ? ಎರಡು ಟ್ರೇಲರುಗಳ ನಡುವಿನ ಕೊಂಡಿಗೆ ಜಂಗು ಹಿಡಿದು, ಮಣ್ಣು ಮೆತ್ತಿ, ಮೈನಸ್ಸಿನ ದಾರಿ ಅಲ್ಲೇ ಕಡಿದಿರುತ್ತದೆ. ಫೈಬರ್ ದೋಣಿಗೆ, ಮರದ ದೋಣಿಗೆ ಕಬ್ಬಿಣದ ಮೈಯೇ ಇಲ್ಲ. ಮೈನಸ್ಸಿಗೂ ಪ್ಲಸ್ಸಿನಷ್ಟೇ ದಪ್ಪದ ವಾಯರು ಬ್ಯಾಟರಿಯವರೆಗೆ ಹೋಗಬೇಕು. ತಗಡಿನ ದೋಣಿಯಾದರೂ ಮೈಯನ್ನು ವಾಯರಾಗಿ ಬಳಸಬಾರದು. ನೀರಿನೊಳಗಿನ ಲೋಹದಲ್ಲಿ ಕರೆಂಟು ಹರಿದರೆ ಲೋಹ ಸವೆಯುತ್ತ ಹೋಗುತ್ತದೆ.

ಇನ್ನು ಫ್ಯೂಸು. ಫ್ಯೂಸು ಯಾರನ್ನು ಕಾಯುತ್ತದೆ ಎಂದು ಹತ್ತು ಜನರನ್ನು ಕೇಳಿ, ಒಂಬತ್ತು ಜನ ಮೋಟಾರನ್ನು ಎನ್ನುತ್ತಾರೆ. ಹಾಗಾಗಿ ಅದನ್ನು ಮೋಟಾರಿನ ಹತ್ತಿರ, ಕೈಗೆಟುಕುವಲ್ಲಿ ಕೂರಿಸಿರುತ್ತಾರೆ. ಫ್ಯೂಸು ಕಾಯುವುದು ವಾಯರನ್ನು. ಬ್ಯಾಟರಿಯಿಂದ ಹೊರಟ ಪ್ಲಸ್ ವಾಯರು ದೋಣಿಯ ಪಕ್ಕೆಗುಂಟ ಸಾಗುವಾಗ ದಾರಿಯಲ್ಲಿ ಮೊಳೆಗೆ ಉಜ್ಜುತ್ತದೆ, ಹಲಗೆಯಡಿ ಜಜ್ಜುತ್ತದೆ, ಲಂಗರಿನ ಸರಪಳಿ ಅದರ ಮೇಲೆ ಬೀಳುತ್ತದೆ, ಇಲಿ ಕಡಿಯುತ್ತದೆ. ಮೋಟಾರಿನ ಬಳಿಯ ಫ್ಯೂಸಿಗೆ ಇದು ಯಾವುದೂ ತಿಳಿಯುವುದಿಲ್ಲ. ಶಾರ್ಟಾದದ್ದು ಅದಕ್ಕಿಂತ ಮೊದಲೇ. ಕರೆಂಟು ಅದರವರೆಗೆ ಬರುವುದೇ ಇಲ್ಲ.

ಏನಾಗುತ್ತದೆಂದು ಕಾಗದದ ಮೇಲೆ ನೋಡೋಣ. ಎರಡೂವರೆ ಸ್ಕ್ವೇರ್ ವಾಯರು, ಐದು ಮೀಟರು ದೂರದಲ್ಲಿ, ಫ್ಯೂಸಿನ ಈಚೆಗೆ ಪ್ಲಸ್ಸೂ ಮೈನಸ್ಸೂ ಕೂಡಿಕೊಂಡವು. ವಾಯರಿನ ರೋಧ 0.07 ಓಮ್, ಬ್ಯಾಟರಿಯದ್ದು ಅದರ ಎಂಟೊಂಬತ್ತನೆಯ ಒಂದು ಭಾಗ. ಕರೆಂಟು 160 ಆಂಪಿಯರ್ ದಾಟುತ್ತದೆ. ವಾಯರಿನಲ್ಲಿ ಹುಟ್ಟುವ ಶಾಖ 1800 ವ್ಯಾಟ್. ಸ್ನಾನದ ನೀರು ಕಾಯಿಸುವ ಹೀಟರ್ ರಾಡನ್ನು ನೀರಿಲ್ಲದೆ ದೋಣಿಯ ಪಕ್ಕೆಗೆ ಕಟ್ಟಿ ಸ್ವಿಚ್ ಹಾಕಿದಂತೆ. ಆ ಹತ್ತು ಮೀಟರಿನಲ್ಲಿರುವ ತಾಮ್ರ ಕಾಲು ಕಿಲೋ ಕೂಡ ಇಲ್ಲ. ಪ್ರತಿ ಸೆಕೆಂಡಿಗೆ ಅದರ ಉಷ್ಣತೆ ಇಪ್ಪತ್ತು ಡಿಗ್ರಿಯಂತೆ ಏರುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿ. ಎರಡು ಮೂರು ಸೆಕೆಂಡಿನಲ್ಲಿ ಆ ಗೆರೆ ದಾಟಿ, ಹತ್ತು ಸೆಕೆಂಡಿನೊಳಗೆ ಹೊದಿಕೆ ಕರಗಿ ತೊಟ್ಟಿಕ್ಕತೊಡಗುತ್ತದೆ. ಅಷ್ಟರಲ್ಲಿ ಪಾನಾ ಹುಡುಕಿ ಟರ್ಮಿನಲ್ ಬಿಚ್ಚುವವರು ಯಾರು? ರಸ್ತೆಯಲ್ಲಾದರೆ ಡ್ರೈವರು ಜಿಗಿದು ದೂರ ನಿಲ್ಲುತ್ತಾನೆ. ತುಂಬಿದ ಕೃಷ್ಣೆಯ ನಡುವೆ ಜಿಗಿಯುವುದೆಲ್ಲಿಗೆ?

ಆದ್ದರಿಂದಲೇ ನಿಯಮ: ಫ್ಯೂಸು ಬ್ಯಾಟರಿಯ ಪ್ಲಸ್ಸಿನ ಮಗ್ಗುಲಲ್ಲಿ. ಎಬಿವೈಸಿ ಇದನ್ನು ಏಳು ಇಂಚು ಎಂದು ಅಳೆದೇ ಹೇಳಿದೆ, ಅಂದರೆ ಒಂದು ಗೇಣಿಗಿಂತ ತುಸು ಕಡಿಮೆ. ವಾಯರನ್ನು ಪೈಪಿನೊಳಗೆ ಹಾಯಿಸಿದ್ದರೆ ಇನ್ನಷ್ಟು ದೂರಕ್ಕೆ ರಿಯಾಯಿತಿ ಉಂಟು. ಆ ಏಳು ಇಂಚಿನಲ್ಲಿ ಶಾರ್ಟಾದರೆ ಕಾಯುವವರಿಲ್ಲ. ಅದರ ನಂತರದ ಎಲ್ಲ ವಾಯರಿಗೂ ಕಾವಲಿದೆ. ಎಂಜಿನ್ನಿನ ಸೆಲ್ಫಿಗೆ ಹೋಗುವ ದಪ್ಪ ಕೇಬಲ್ಲಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ.

ಎಷ್ಟು ಆಂಪಿಯರಿನ ಫ್ಯೂಸು? ಕೆಲಸದ ಕರೆಂಟಿಗಿಂತ ಹೆಚ್ಚು, ವಾಯರು ತಾಳುವುದಕ್ಕಿಂತ ಕಡಿಮೆ. ಇಪ್ಪತ್ತು ಆಂಪಿಯರ್ ಎಳೆಯುವ ಮೋಟಾರಿಗೆ ಆರು ಸ್ಕ್ವೇರ್ ವಾಯರು ಹಾಕಿ ಮೂವತ್ತರ ಫ್ಯೂಸು ಕೂರಿಸಿದರೆ ಎರಡೂ ಹೊಂದುತ್ತವೆ. ಕಾರಿನಲ್ಲಿ ಬಳಸುವ ಬ್ಲೇಡ್ ಫ್ಯೂಸು ಮೂವತ್ತೊಂದಕ್ಕೆ ತಟ್ಟನೆ ಹೋಗುವುದಿಲ್ಲ. ಎರಡು ಪಟ್ಟಾದರೆ ಕೆಲವೇ ಸೆಕೆಂಡು. ಮೋಟಾರು ಹೊರಡುವಾಗಿನ ಕ್ಷಣಿಕ ಜಿಗಿತವನ್ನು ಅದು ಸಹಿಸುತ್ತದೆ, ಬಂಡೆಗೆ ಸಿಕ್ಕಿದ ಗುಂಡಿನ 60 ಆಂಪಿಯರನ್ನು ಸಹಿಸುವುದಿಲ್ಲ. ಮತ್ತೆ ಮತ್ತೆ ಬದಲಿಸುವ ಬೇಸರ ಬೇಡವೆಂದರೆ ಒತ್ತಿ ಕೂರಿಸುವ ಬ್ರೇಕರ್ ಸಿಗುತ್ತದೆ. ಮನೆಯ ಎಂಸಿಬಿಯನ್ನೇ ತಂದು ಹಾಕುವವರಿದ್ದಾರೆ. ನಮ್ಮ ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಸಂಪರ್ಕ ಬಿಟ್ಟಾಗ ಹುಟ್ಟಿದ ಕಿಡಿ ಆಗ ತಾನೇ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. ಡಿಸಿ ಎಂದು ಮುದ್ರಿಸಿದ ಬ್ರೇಕರನ್ನೇ ಕೇಳಿ ತರಬೇಕು.

ಹೋದ ಫ್ಯೂಸಿನ ಜಾಗಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ತುರುಕುವ ವಿದ್ಯೆ ಊರೂರಿಗೂ ಗೊತ್ತು. ಈ ಒಂದು ವಿಷಯದಲ್ಲಿ ನಿಪ್ಪಾಣಿಯ ಬೀಡಿಯೇ ವಾಸಿ, ಕಟ್ಟಿನಲ್ಲಿ ಬೆಳ್ಳಿ ಕಾಗದವಿರುವುದಿಲ್ಲ. ತಾಮ್ರದ ಎಳೆ ಕಟ್ಟಿದರೆ ಇನ್ನೂ ಕೆಟ್ಟದು: ಫ್ಯೂಸು ಎಷ್ಟಕ್ಕೆ ಹೋಗಬೇಕು ಎಂಬ ತೀರ್ಮಾನವನ್ನು ಕೈಗೆ ಸಿಕ್ಕ ಎಳೆಗೆ ಬಿಟ್ಟುಕೊಟ್ಟ ಹಾಗೆ.

ನೀರು ಮಾಡುವ ಕಿತಾಪತಿ ನಿಧಾನದ್ದು, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಎರಡು ವರ್ಷ ದೋಣಿಯಲ್ಲಿದ್ದ ವಾಯರಿನ ತುದಿ ಕತ್ತರಿಸಿ ಸುಲಿದು ನೋಡಿ. ಹೊರಗಡೆ ಹೊದಿಕೆ ಹೊಸದರ ಹಾಗೆ ಕೆಂಪಗೆ ಹೊಳೆಯುತ್ತಿರುತ್ತದೆ. ಒಳಗೆ ತಾಮ್ರ ಕರ್ರಗೆ. ಉಗುರಿನಿಂದ ಕೆರೆದರೂ ಬಣ್ಣ ಬಿಡುವುದಿಲ್ಲ. ಇನ್ನೊಂದು ಗೇಣು ಹಿಂದೆ ಕತ್ತರಿಸಿ ಸುಲಿಯಿರಿ, ಅಲ್ಲೂ ಕರ್ರಗೆ. ಸಣ್ಣ ಎಳೆಗಳ ನಡುವಿನ ಸಂದಿಯಲ್ಲಿ ನೀರು ತಾನಾಗಿ ಏರುತ್ತದೆ. ತುದಿಯಲ್ಲಿ ಹೊಕ್ಕ ತೇವ ಹೊದಿಕೆಯೊಳಗೆ ಮಾರುಗಟ್ಟಲೆ ಸಾಗುತ್ತದೆ. ಜೋಡಣೆಯ ಮೇಲೆ ಹಸಿರು ಕಿಲುಬು ಕಟ್ಟುವುದು ಪ್ಲಸ್ಸಿನ ಬದಿಯಲ್ಲಿ ಹೆಚ್ಚು. ಒದ್ದೆಯಾದ ಜಾಗದಲ್ಲಿ ಪ್ಲಸ್ಸಿನಿಂದ ಮೈನಸ್ಸಿಗೆ ಸಣ್ಣ ಕರೆಂಟು ಸೋರುತ್ತಿದ್ದರೆ ಪ್ಲಸ್ಸಿನ ತಾಮ್ರ ಅಯಾನುಗಳಾಗಿ ಕರಗಿ ಹೋಗುತ್ತದೆ; ಗಿಲೀಟು ಹಾಕುವವನು ತೊಟ್ಟಿಯಲ್ಲಿ ಬೇಕೆಂದೇ ಮಾಡಿಸುವ ಕ್ರಿಯೆ ಇಲ್ಲಿ ಬೇಡದೆ ನಡೆಯುತ್ತದೆ.

ಕಿಲುಬು ಹಿಡಿದ ಜೋಡಣೆಗೆ 0.05 ಓಮ್ ರೋಧ ಬಂತೆನ್ನಿ. ಇಪ್ಪತ್ತು ಆಂಪಿಯರಿಗೆ 20 ವ್ಯಾಟ್ ಶಾಖ, ಅದೂ ಹತ್ತು ಮೀಟರಿನಲ್ಲಿ ಹಂಚಿಹೋಗದೆ ಒಂದೇ ಬಿಂದುವಿನಲ್ಲಿ. ಫ್ಯೂಸಿಗೆ ಇದು ಕಾಣುವುದಿಲ್ಲ, ಏಕೆಂದರೆ ಕರೆಂಟು ಹೆಚ್ಚಾಗಿಯೇ ಇಲ್ಲ. ಫ್ಯೂಸಿನ ಕಾವಲಿಗೂ ಮಿತಿಯುಂಟು ಎಂಬುದು ಮಿಸ್ತ್ರಿಗಳೂ ಮರೆಯುವ ಮಾತು. ಜೋಡಣೆಯನ್ನು ಕಾಯುವುದು ಒಳ್ಳೆಯ ಕೆಲಸಗಾರಿಕೆ ಮಾತ್ರ: ಎಳೆ ಒಂದೂ ಹೊರಗುಳಿಯದಂತೆ ವಾಯರನ್ನು ಥಿಂಬಲ್ಲಿನೊಳಗೆ ತೂರಿಸಿ, ಸರಿಯಾದ ಇಕ್ಕಳದಿಂದ ಒತ್ತಿ, ಕಾಯಿಸಿದರೆ ಬಿಗಿಯುವ ತೋಳನ್ನು ಮೇಲೆ ಏರಿಸಿ ತೇವದ ಬಾಯಿ ಮುಚ್ಚುವುದು. ತವರ ಲೇಪಿಸಿದ ತಾಮ್ರದ ವಾಯರು ದೋಣಿಗೆಂದೇ ಬರುತ್ತದೆ. ಮಲ್ಪೆ, ಮಂಗಳೂರಿನ ಕಡೆ ಉಪ್ಪು ನೀರಿನಲ್ಲಿ ಅದಿಲ್ಲದೆ ಬಾಳಿಕೆಯಿಲ್ಲ. ಕೃಷ್ಣೆಯ ಸಿಹಿನೀರಿಗೆ ಕಡ್ಡಾಯವೇನಲ್ಲ, ಸಿಕ್ಕರೆ ಬಿಡಬೇಡಿ.

ದೋಣಿಯಲ್ಲಿ ಎರಡು ಅನಿಲಗಳ ನೆನಪೂ ಇರಬೇಕು. ಬ್ಯಾಟರಿ ಚಾರ್ಜಾಗುವಾಗ, ಅದರಲ್ಲೂ ಹೆಚ್ಚು ಚಾರ್ಜಾದಾಗ, ಒಳಗಿನ ನೀರು ಒಡೆದು ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಅದು ಹಗುರ, ಮೇಲೇರುತ್ತದೆ. ಬ್ಯಾಟರಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿ ಕಿಂಡಿ ಇದ್ದರೆ ಹೊರಟುಹೋಗುತ್ತದೆ. ಪೆಟ್ರೋಲಿನ ಆವಿ ಇದಕ್ಕೆ ತದ್ವಿರುದ್ಧ, ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಇಳಿದು ಕೂರುತ್ತದೆ, ಬೀಸಿದ ಗಾಳಿಗೂ ಸುಲಭಕ್ಕೆ ಹೋಗುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ದೋಣಿಯಲ್ಲಿ ಫ್ಯೂಸು, ಸ್ವಿಚ್ಚು, ಬ್ಯಾಟರಿ ಇವುಗಳನ್ನು ತಳದಲ್ಲಿಡದೆ ಎತ್ತರದಲ್ಲಿಡುವುದು ನೀರಿನ ಭಯಕ್ಕೆ ಮಾತ್ರವಲ್ಲ.

ನಡುವೆ ಒಂದು ಮಾತು. ಇದೇ ಬ್ಯಾಟರಿಗೆ ಇನ್ವರ್ಟರ್ ಹಚ್ಚಿ, ನೀರಿಗೆ ತಂತಿ ಇಳಿಬಿಟ್ಟು ಮೀನು ಹಿಡಿಯುವ ದುರಾಸೆ ಅಲ್ಲಲ್ಲಿ ಇದೆ. ಇನ್ವರ್ಟರಿನಿಂದ ಹೊರಬರುವುದು ಹನ್ನೆರಡು ವೋಲ್ಟಲ್ಲ, 230. ಮರಿ, ಮೊಟ್ಟೆಯ ಮೀನು ಎಲ್ಲವನ್ನೂ ಅದು ಒಂದೇ ಏಟಿಗೆ ಮುಗಿಸುತ್ತದೆ, ಸೊಂಟಮಟ ನೀರಿನಲ್ಲಿ ನಿಂತವನನ್ನೂ ಬಿಡುವುದಿಲ್ಲ.

ಯಾವ ಬ್ಯಾಟರಿ ಎಂಬುದೂ ವಿಚಾರ ಮಾಡಬೇಕಾದ್ದೇ. ಟ್ರ್ಯಾಕ್ಟರಿನದು ಸೆಲ್ಫ್ ಹೊಡೆಯಲು ಮಾಡಿದ್ದು. ಕ್ಷಣಕ್ಕೆ ಬಹಳ ಕರೆಂಟು ಸಿಗಲೆಂದು ಒಳಗೆ ತೆಳು ಫಲಕಗಳು ಹೆಚ್ಚು. ಅದನ್ನು ಪೂರ್ತಿ ಹಿಂಡುತ್ತ ಹೋದರೆ ಒಂದೆರಡು ಹಂಗಾಮಿಗೆ ಸತ್ತುಹೋಗುತ್ತದೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಆಳವಾಗಿ ಖಾಲಿಯಾಗುವುದನ್ನು ತಾಳುತ್ತದೆ, ತೂಕ ಮಾತ್ರ ಇಬ್ಬರು ಎತ್ತುವಷ್ಟು. 88 ಆಂಪಿಯರ್–ಅವರ್ ಎಂದು ಬರೆದಿದ್ದರೆ ಇಪ್ಪತ್ತು ಆಂಪಿಯರಿನಂತೆ ನಾಲ್ಕೂವರೆ ತಾಸು ಸಿಗುತ್ತದೆಂದು ಎಣಿಸಬೇಡಿ. ಆ ಅಂಕಿ ಸಾಮಾನ್ಯವಾಗಿ ಇಪ್ಪತ್ತು ತಾಸಿನ ನಿಧಾನ ಬಳಕೆಗೆ ಅಳೆದದ್ದು. ಬೇಗ ಹಿಂಡಿದಷ್ಟೂ ಒಟ್ಟು ಸಿಗುವುದು ಕಡಿಮೆ. ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ಇದಕ್ಕೊಂದು ಸೂತ್ರ ಬರೆದಿಟ್ಟಿದ್ದಾನೆ. ದೋಣಿಯ ಎಂಜಿನ್ನಿಗೆ ಸೆಲ್ಫ್ ಇದ್ದರೆ ಅದಕ್ಕೊಂದು, ಮೋಟಾರು–ಲೈಟಿಗೊಂದು ಎಂದು ಎರಡು ಬ್ಯಾಟರಿ ಇಡುವುದೇ ಸರಿ. ಸಂಜೆಯ ಹೊತ್ತು ಹೊಳೆ ನಡುವೆ ಎಂಜಿನ್ ಹೊರಡದಿದ್ದರೆ ಹುಟ್ಟು ಹಾಕುತ್ತ ಬರಬೇಕಾಗುತ್ತದೆ.

ಎಲ್ಲ ಕಟ್ಟಿ ಮುಗಿದ ಮೇಲೆ ಪರೀಕ್ಷೆ. ಮುನ್ನೂರು ನಾನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಬ್ಯಾಟರಿಯ ವೋಲ್ಟೇಜನ್ನು ಸುಮ್ಮನೆ ಅಳೆದರೆ ಏನೂ ತಿಳಿಯುವುದಿಲ್ಲ. ಕರೆಂಟು ಹರಿಯದಿದ್ದಾಗ ಕೆಟ್ಟ ಜೋಡಣೆಯೂ ಪೂರ್ತಿ 12.6 ತೋರಿಸುತ್ತದೆ. ಒಬ್ಬರು ಬಟನ್ ಒತ್ತಿ ಮೋಟಾರಿನಿಂದ ಭಾರ ಎತ್ತಿಸುತ್ತಿರಬೇಕು, ಇನ್ನೊಬ್ಬರು ಅಳೆಯಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಮೋಟಾರಿನ ಪ್ಲಸ್ ತುದಿಯಲ್ಲಿ. ಮೀಟರು ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟು. ಆಮೇಲೆ ಮೈನಸ್ಸಿನ ದಾರಿಯನ್ನೂ ಹಾಗೆಯೇ ಅಳೆಯಬೇಕು. ಆರು ಸ್ಕ್ವೇರ್ ವಾಯರಿನಲ್ಲಿ ಒಂದೊಂದು ಬದಿಗೆ 0.3ರ ಆಸುಪಾಸು ಬಂದರೆ ಅದು ತಾಮ್ರದ ನ್ಯಾಯವಾದ ಪಾಲು. ಒಂದು ಬದಿ 0.3, ಇನ್ನೊಂದು ಬದಿ 1.1 ಬಂದರೆ ಹೆಚ್ಚುವರಿ 0.8 ಯಾವುದೋ ಜೋಡಣೆಯಲ್ಲಿ ಕುಳಿತಿದೆ. ಕಡ್ಡಿಯನ್ನು ಒಂದೊಂದೇ ಥಿಂಬಲ್ ದಾಟಿಸುತ್ತ ಹಿಂದೆ ಬನ್ನಿ. ಅಂಕಿ ಎಲ್ಲಿ ದಿಢೀರನೆ ಇಳಿಯುತ್ತದೆಯೋ ಈಗಷ್ಟೇ ದಾಟಿದ ಆ ಜೋಡಣೆಯನ್ನು ಬಿಚ್ಚಿ, ಕಪ್ಪು ತಾಮ್ರ ಕತ್ತರಿಸಿ ಹಾಕಿ ಹೊಸದಾಗಿ ಕಟ್ಟಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ನೆರೆ ಇಳಿದ ಮೇಲೆ ಇನ್ನೊಂದು ಸಲ ಹೀಗೆ ಅಳೆದರೆ ಸಾಕಾಗುತ್ತದೆ.